ಆ ಹತ್ತು ಲಕ್ಷ ಇರದಿದ್ದರೆ?

2022ರ ಜನವರಿಯಲ್ಲಿ ತುಮಕೂರಿನ ಹೂವಿನ ಬೆಳೆಗಾರರೊಬ್ಬರು ಪಿಕಪ್ ಗಾಡಿ ಕೊಳ್ಳಲು ಶೋರೂಮಿಗೆ ಹೋಗಿದ್ದರು. ಅವರ ವೇಷ ನೋಡಿದ ಸೇಲ್ಸ್‌ಮನ್, ಹತ್ತು ರೂಪಾಯಿಗೂ ಗತಿ ಇಲ್ಲದವರು ಅನ್ನೋ ಹಾಗೆ ಮಾತಾಡಿದನಂತೆ. ಒಂದೇ ಗಂಟೆಯಲ್ಲಿ ಆ ರೈತರು 10 ಲಕ್ಷ ತಂದು ತೋರಿಸಿದರು. ನಮ್ಮ ದಾವಣಗೆರೆಯ ವಾಟ್ಸಾಪ್ ಗ್ರೂಪುಗಳಲ್ಲೂ ಆ ಸುದ್ದಿ ಜೋರಾಗಿ ಓಡಾಡಿತು. "ಪಂಚೆ ಉಟ್ಟವರನ್ನು ಹಗುರವಾಗಿ ನೋಡಬೇಡಿ, ಕೋಟ್ಯಧೀಶರು ಇರಬಹುದು" ಅಂತ ಎಲ್ಲರದೂ ಬುದ್ಧಿಮಾತು.

ಈ ಬುದ್ಧಿಮಾತು ನನಗೆ ಒಪ್ಪಿಗೆಯಿಲ್ಲ. ಆ ಹತ್ತು ಲಕ್ಷ ಅವರ ಹತ್ತಿರ ಇರದಿದ್ದರೆ? ಆಗ ಅವಮಾನ ಮಾಡಿದ್ದು ಸರಿ ಅಂತಾಗುತ್ತಿತ್ತಾ?

ನಮ್ಮೂರಿನ ಬಂಗಾರದ ಅಂಗಡಿಗಳನ್ನೇ ನೋಡಿ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು ಹವಾಯಿ ಚಪ್ಪಲಿಯಲ್ಲೇ ಬರುತ್ತಾರೆ. ಅವರ ಕೈಯಲ್ಲಿ ದುಡ್ಡಿದೆ ಅಂತ ಅಂಗಡಿಯವರಿಗೆ ಗೊತ್ತು. ಅದಕ್ಕೇ "ಬರ್ರಿ ಗೌಡ್ರೆ, ಕೂತ್ಕಳ್ರಿ" ಅಂತ ಕರೆದು ಚಹಾ ತರಿಸುತ್ತಾರೆ. ಅದೇ ಅಂಗಡಿಗೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಮಗಳಿಗೊಂದು ಜೊತೆ ಓಲೆ ನೋಡಲು ಬಂದರೆ, "ಏನ್ ಬೇಕಮ್ಮಾ?" ಅಂತ ನಿಲ್ಲಿಸಿಯೇ ಕೇಳುತ್ತಾರೆ. ಅವಳ ಸೆರಗಿನಲ್ಲಿ ಹತ್ತು ಲಕ್ಷ ಇಲ್ಲ. ಇರೋದು ಚೀಟಿ ಹಾಕಿ ಕೂಡಿಟ್ಟ ಒಂದಿಷ್ಟು ದುಡ್ಡು. ಅವಳು ಹೊರಗೆ ಹೋದ ಮೇಲೆ ಯಾರೂ ಬಂದು ಕ್ಷಮೆ ಕೇಳೋದಿಲ್ಲ. ಊರಿಗೆ ಬಂದ ನೆಂಟರಿಗೆ ನಾವು ಹೆಮ್ಮೆಯಿಂದ ಕೊಡೋ ಮಂಡಕ್ಕಿ ಇದೆಯಲ್ಲ, ಅದು ಅವಳಂಥವರು ಇಡೀ ದಿನ ಹೊಗೆಯಲ್ಲಿ ನಿಂತು ಮಾಡಿದ್ದು.

ಆಸ್ಪತ್ರೆಯಲ್ಲೂ ಇದೇ ಕಥೆ. ನಮ್ಮೂರಿನಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದು 1965ರಲ್ಲಿ. ಹೆಣ್ಣುಮಕ್ಕಳು ಡಾಕ್ಟರಾಗೋದು ಇಲ್ಲಿ ಹೊಸದೇನಲ್ಲ. ಆದರೂ ಸ್ಟೆತೊಸ್ಕೋಪ್ ಹಾಕಿಕೊಂಡು ಎದುರಿಗೇ ನಿಂತ ಡಾಕ್ಟರನ್ನು "ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರೆ?" ಅಂತ ಕೇಳುತ್ತಾರೆ. ಆಕೆಯೇ ಡಾಕ್ಟರು ಅಂತ ತಿಳಿದ ಕೂಡಲೇ ದನಿ ಮೆತ್ತಗಾಗುತ್ತದೆ. "ಸಾರಿ ಮೇಡಂ" ಅಂತ ಎದ್ದು ನಿಲ್ಲುತ್ತಾರೆ. ನನಗೆ ಜಾಸ್ತಿ ಬೇಸರವಾಗೋದು ಇಲ್ಲೇ. ರಾತ್ರಿಯೆಲ್ಲ ಎದ್ದಿದ್ದು ಡ್ರಿಪ್ ನೋಡಿಕೊಂಡ ನರ್ಸಿಗೆ ಆ ಮೆತ್ತಗಿನ ದನಿ ಯಾಕೆ ಸಿಗೋದಿಲ್ಲ? ಗುರುತು ತಪ್ಪಿದ್ದಕ್ಕೆ ಸಾರಿ ಕೇಳುತ್ತೇವೆ, ಗಡುಸಾಗಿ ಮಾತಾಡಿದ್ದಕ್ಕಲ್ಲ.

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಗಂಟು ಹೊತ್ತು ಬಂದ ಹಿರಿಯ ರೈತರೊಬ್ಬರನ್ನು ಬಟ್ಟೆಯ ಕಾರಣಕ್ಕೆ ಒಳಗೆ ಬಿಡದೆ ತಡೆದರು. ಅಲ್ಲಿದ್ದ ಪ್ರಯಾಣಿಕರು ಸುಮ್ನೆ ನೋಡುತ್ತಾ ನಿಲ್ಲಲಿಲ್ಲ. ಟಿಕೆಟ್ ಇದೆ, ಮತ್ತೆ ಯಾವ ನಿಯಮ ಹೇಳಿ ತಡೆಯುತ್ತೀರಿ ಅಂತ ಕೇಳಿದರು. ಇವರು ದೊಡ್ಡ ಜಮೀನ್ದಾರರು ಇರಬಹುದು ಅಂತ ಯಾರೂ ಸಮರ್ಥನೆ ಕೊಡಬೇಕಾಗಲಿಲ್ಲ. ಟಿಕೆಟ್ ಒಂದೇ ಸಾಕಾಯಿತು. ಆ ರೈತರು ಒಳಗೆ ಹೋದರು. ತಡೆದ ಭದ್ರತಾ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆದರು.