ಹೋದ ಪುಟ್ಟ, ಬಂದ ಪುಟ್ಟ

ಸೇತುವೆ ಎಂದಮೇಲೆ ಆಚೆ ದಡ ಮುಟ್ಟಿಸಬೇಕು ಎಂದು ನಾವೆಲ್ಲ ನಂಬಿದ್ದೇವೆ. ಜಪಾನಿನ ನಿಕ್ಕೋ ಊರಿನ ಶಿಂಕ್ಯೋ ಸೇತುವೆಗೆ ಅಂಥ ಹಂಗಿಲ್ಲ. 300 ಯೆನ್ ಕೊಟ್ಟು ಹತ್ತಿ, ಕೆಂಪು ಕಟಕಟೆ ಸವರುತ್ತ ಗಂಭೀರವಾಗಿ ಆ ತುದಿಯವರೆಗೆ ನಡೆದರೆ ಅಲ್ಲಿ ದಾರಿ ಬಂದ್. ಹೊರಳಿ, ಹತ್ತಿದ ಕಡೆಯೇ ಇಳಿಯಬೇಕು. ನಿಜವಾಗಿ ಹೊಳೆ ದಾಟಬೇಕಾದವರಿಗೆ ಪಕ್ಕದಲ್ಲೇ ಡಾಂಬರು ರಸ್ತೆಯ ಸೇತುವೆಯಿದೆ, ಪುಕ್ಕಟೆ. ‘ಶಿನ್’ ಎಂದರೆ ದೇವರು, ‘ಕ್ಯೋ’ ಎಂದರೆ ಸೇತುವೆ. ದೇವರಿಗೆ ಆಚೆ ದಡದಲ್ಲಿ ಆಫೀಸಿಲ್ಲ.

ಎಡವಟ್ಟುಗಳು ಶುರುವಾಗುವುದು ಮಾತ್ರ ಸೇತುವೆಯಲ್ಲಲ್ಲ, ಟೋಕಿಯೋದಲ್ಲಿ. ನಿಕ್ಕೋಗೆ ತೋಬು ಎಂಬ ಖಾಸಗಿ ಕಂಪನಿಯ ರೈಲು ಹೊರಡುವುದು ಅಸಾಕುಸಾದಿಂದ. ತ್ಸುಕುಬಾ ಎಕ್ಸ್‌ಪ್ರೆಸ್ ಎಂಬ ಬೇರೆಯೇ ಲೈನಿಗೂ ಅದೇ ಹೆಸರಿನ ನಿಲ್ದಾಣವಿದೆ, ಅದು ಅಲ್ಲಿಂದ ಹತ್ತು ನಿಮಿಷದ ನಡಿಗೆ ದೂರದಲ್ಲಿದೆ. ಮ್ಯಾಪಿನಲ್ಲಿ ‘ಅಸಾಕುಸಾ’ ಎಂದಷ್ಟೇ ನೋಡಿ ಹೊರಟವರು ಸೂಟ್‌ಕೇಸ್ ಎಳೆದುಕೊಂಡು ಆ ಹತ್ತು ನಿಮಿಷವನ್ನು ನಾಲ್ಕರಲ್ಲಿ ಮುಗಿಸಲು ನೋಡುತ್ತಾರೆ. ತೋಬುವಿನ ಎಕ್ಸ್‌ಪ್ರೆಸ್ ರೈಲಿಗೆ ಎರಡು ದುಡ್ಡು: ಪ್ರಯಾಣದ ದರ ಒಂದು, ವೇಗಕ್ಕೂ ಸೀಟಿಗೂ ಸೇರಿ ಇನ್ನೊಂದು. ಮೊದಲೇ ದುಡ್ಡು ತುಂಬಿಟ್ಟ ಸುಯಿಕಾ ಕಾರ್ಡು ಗೇಟಿನಲ್ಲಿ ಟಿಣ್ ಎಂದಿತೆಂದು ಒಳಗೆ ಹೋಗಿ ಕೂತರೆ ಆ ಸೀಟಿನ ಯಜಮಾನರು ಬಂದು ನಯವಾಗಿ ತಲೆ ಬಾಗಿಸುತ್ತಾರೆ. ಅದು ನಮಸ್ಕಾರವಲ್ಲ, ‘ಏಳಿ’ ಎಂದರ್ಥ. ಇನ್ನು ಕೆಲವು ಎಕ್ಸ್‌ಪ್ರೆಸ್‌ಗಳು ಶಿಮೊ-ಇಮಾಯಿಚಿ ನಿಲ್ದಾಣದಲ್ಲಿ ಎರಡು ಹೋಳಾಗುತ್ತವೆ. ಒಂದು ಹೋಳು ನಿಕ್ಕೋಗೆ, ಇನ್ನೊಂದು ಬಿಸಿನೀರಿನ ಬುಗ್ಗೆಗಳ ಕಿನುಗಾವಾ ಕಡೆಗೆ. ಗೆಳೆಯರು ಕೂತಿದ್ದಾರೆಂದು ಪಕ್ಕದ ಬೋಗಿಗೆ ಹರಟೆಗೆ ಹೋಗುವ ಮುಂಚೆ ಬೋಗಿಯ ಸಂಖ್ಯೆ ನೋಡಿಕೊಳ್ಳಿ. ಜೆಆರ್ (ಜಪಾನ್ ರೈಲ್ವೇಸ್) ಪಾಸ್ ಇದ್ದವರಿಗೆ ಈ ದಾರಿಯೇ ಬೇಡ, ಅದು ತೋಬು ಹಳಿಯ ಮೇಲೆ ನಡೆಯುವುದಿಲ್ಲ. ಅವರು ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಉತ್ಸುನೊಮಿಯಾಗೆ ಹೋಗಿ ಜೆಆರ್ ನಿಕ್ಕೋ ಲೈನಿಗೆ ಬದಲಾಯಿಸಬೇಕು.

ನಿಕ್ಕೋದಲ್ಲಿ ಇಳಿದಮೇಲೆ ಸೇತುವೆಗೆ ಎರಡು ಕಿಲೋಮೀಟರಿಗಿಂತ ಕಡಿಮೆ, ಆದರೆ ಪೂರಾ ಏರು. ನಡೆದರೆ ಅರ್ಧ ಗಂಟೆ, ಬಸ್ಸಿನಲ್ಲಿ ಕೆಲವೇ ನಿಮಿಷ. ಬಸ್ಸಿಗೆ ಹತ್ತುವುದು ಹಿಂದಿನ ಬಾಗಿಲಲ್ಲಿ. ಹತ್ತುವಾಗ ಡಬ್ಬಿಯಿಂದ ನಂಬರಿನ ಚೀಟಿ ಎಳೆದುಕೊಳ್ಳಬೇಕು. ಮುಂದಿನ ಫಲಕದಲ್ಲಿ ನಿಮ್ಮ ನಂಬರಿನ ಕೆಳಗೆ ದರ ತೋರಿಸುತ್ತದೆ, ಇಳಿಯುವಾಗ ಚೀಟಿಯನ್ನೂ ದುಡ್ಡನ್ನೂ ಒಟ್ಟಿಗೆ ಹಾಕಬೇಕು. ಡ್ರೈವರ್ ಪಕ್ಕದ ಯಂತ್ರ ಚಿಲ್ಲರೆ ಕೊಡುತ್ತದೆ, 1,000 ಯೆನ್ ನೋಟಿಗೆ ಮಾತ್ರ. 10,000ದ ನೋಟು ಹಿಡಿದು ನಿಂತರೆ ಹಿಂದೆ ಕ್ಯೂ ಬೆಳೆಯುತ್ತದೆ. ಯಾರೂ ಬೈಯುವುದಿಲ್ಲ. ನಮ್ಮೂರಿನ ಕಂಡಕ್ಟರು ‘ಚಿಲ್ಲರೆ ತಗೊಂಡ್ ಬರಕ್ಕಾಗಲ್ವೇನ್ರೀ’ ಎಂದು ಗದರಿದರೆ ಎಷ್ಟೋ ಹಗುರ. ಆ ಮೌನವನ್ನು ತಡೆಯುವುದು ಕಷ್ಟ.

ಸೇತುವೆ 28 ಮೀಟರ್ ಉದ್ದ, 7.4 ಮೀಟರ್ ಅಗಲ, ಕೆಳಗೆ ಹರಿಯುವ ದಾಯಿಯಾ ನದಿಯ ನೀರಿನಿಂದ 10.6 ಮೀಟರ್ ಎತ್ತರ. ಎರಡೂ ದಡದ ಬಂಡೆಯೊಳಗೆ ತೊಲೆಗಳ ಬುಡ ಹುಗಿದು, ತುದಿಗಳನ್ನು ನದಿಯ ಕಡೆ ಚಾಚಿ, ನಡುವೆ ಬೆಸೆದ ಕಟ್ಟಡ. ಕೆಳಗೆ ಕಲ್ಲಿನ ಕಂಬಗಳ ಆಸರೆಯಿದೆ. ಕಟಕಟೆಯಲ್ಲಿ ಹತ್ತು ಮುಖ್ಯ ಗೂಟಗಳು, ಒಂದೊಂದರ ನೆತ್ತಿಯ ಮೇಲೂ ಈರುಳ್ಳಿಯಾಕಾರದ ಲೋಹದ ಕಳಶ. ಮೇಲೆಲ್ಲ ಕುಂಕುಮಗೆಂಪು ಅರಗು, ಹಲಗೆಯ ತಳಕ್ಕೆ ಕಪ್ಪು ಅರಗು.

ಈ ಬಾಗು, ಈ ಕೆಂಪು, ಹಿಂದಿನ ಹಸಿರು ಕಾಡು, ಇವೆಲ್ಲ ಒಟ್ಟಿಗೆ ಕಾಣುವುದು ಎಲ್ಲಿಂದ? ಪಕ್ಕದ ಪುಕ್ಕಟೆ ಸೇತುವೆಯಿಂದ! 300 ಯೆನ್ ಕೊಟ್ಟವರಿಗೆ ಕಾಣುವುದು ಕಾಲಡಿಯ ಹಲಗೆ, ಕೆಳಗಿನ ನೀರು, ಪಕ್ಕದ ಸೇತುವೆಯ ಮೇಲೆ ಇವರತ್ತ ಮೊಬೈಲ್ ಹಿಡಿದು ನಿಂತ ಜನ ಮತ್ತು ಲಾರಿ. ಕೊಟ್ಟವರು ಕೊಡದವರ ಫೋಟೋಗೆ ಮಾಡೆಲ್ ಆಗುತ್ತಾರೆ. ಜೊತೆಗೆ ಯಾರಾದರೂ ಇದ್ದರೆ ಉಪಾಯ ಸುಲಭ: ಒಬ್ಬರು ದುಡ್ಡು ಕೊಟ್ಟು ಹತ್ತಲಿ, ಇನ್ನೊಬ್ಬರು ರಸ್ತೆ ಸೇತುವೆಯಿಂದ ಕ್ಲಿಕ್ಕಿಸಲಿ. ಗಂಡಹೆಂಡಿರಾದರೆ ಯಾರು ಹತ್ತಬೇಕೆಂಬುದನ್ನು ಬಸ್ಸಿನಲ್ಲೇ ತೀರ್ಮಾನಿಸಿಕೊಳ್ಳುವುದು ಕ್ಷೇಮ. ಫೋಟೋ ತೆಗೆಯುವವರು ಮಾತ್ರ ಫುಟ್‌ಪಾತ್ ಬಿಟ್ಟು ಹಿಂದೆ ಹಿಂದೆ ಸರಿಯಬಾರದು. ಅದು ಹೆದ್ದಾರಿ.

ಆ ಹೆದ್ದಾರಿ ಸೇತುವೆಯ ಹತ್ತಿರ ಇಕ್ಕಟ್ಟಾಗಿದ್ದು ರಜಾದಿನಗಳಲ್ಲಿ ವಾಹನ ಕಟ್ಟಿಕೊಳ್ಳುವುದಕ್ಕೂ ಒಂದು ಕಥೆಯಿದೆ. ರಸ್ತೆ ಅಗಲಿಸಲು ‘ತಾರೋ’ ಎಂಬ ಹಳೆಯ ದೈತ್ಯ ದೇವದಾರು ಮರವನ್ನು ಕಡಿಯಬೇಕೆಂದು ಸರ್ಕಾರ ಹೊರಟಿತು. ಮರದ ಒಡೆಯರಾದ ತೋಶೋಗು ಗುಡಿಯವರು ಕೋರ್ಟಿಗೆ ಹೋದರು. 1973ರಲ್ಲಿ ಟೋಕಿಯೋ ಹೈಕೋರ್ಟಿನಲ್ಲಿ ಮರ ಗೆದ್ದಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಯಾರನ್ನು ಶಪಿಸಬೇಕೆಂದು ತೋಚದಿದ್ದರೆ ಎಡಬಲ ನೋಡಿ, ಪ್ರತಿವಾದಿ ಅಲ್ಲೇ ನೆಟ್ಟಗೆ ನಿಂತಿದ್ದಾನೆ, ಕ್ಷಮಿಸಿ, ವಾದಿ.

ವಾಪಸ್ ಬರುವ ಸೇತುವೆಗೆ ದುಡ್ಡೇಕೆ ಎಂದು ಗೊಣಗುವವರಿಗೆ ಇನ್ನೊಂದು ಸಂಗತಿ. 766ರಲ್ಲಿ ಶೋದೋ ಎಂಬ ಸನ್ಯಾಸಿ ಈ ನದಿಯ ಸೆಳವಿಗೆ ಹೆದರಿ ನಿಂತಾಗ ಒಬ್ಬ ದೇವತೆ ಪ್ರತ್ಯಕ್ಷನಾಗಿ ಕೆಂಪು, ನೀಲಿ ಎರಡು ಹಾವುಗಳನ್ನು ದಡದಿಂದ ದಡಕ್ಕೆ ಹಾಸಿದನಂತೆ. ಬೆನ್ನು ಜಾರಬಾರದೆಂದು ಅವುಗಳ ಮೇಲೆ ಹುಲ್ಲೂ ಬೆಳೆಯಿತಂತೆ. ಹಾವು ಸರಿ, ಕಾಲಿಗೆ ಹಿಡಿತ ಸಿಗಲೆಂದು ಹುಲ್ಲು ಹಾಕಿದ್ದು ನೋಡಿ, ಅಲ್ಲಿ ಜಪಾನ್ ಕಾಣಿಸುತ್ತದೆ. ಸೇತುವೆ ಈಗಿನ ರೂಪ ಪಡೆದದ್ದು 1636ರಲ್ಲಿ, ಮೇಲಿನ ತೋಶೋಗು ಗುಡಿಯ ದೊಡ್ಡ ಕಟ್ಟಡ ಕೆಲಸದ ಕಾಲದಲ್ಲಿ. ಆಮೇಲೆ ಇಲ್ಲಿ ಕಾಲಿಡುವ ಹಕ್ಕು ಆಗ ದೇಶವಾಳುತ್ತಿದ್ದ ಸೇನಾಧಿಪತಿ ಶೋಗನ್‌ಗೆ, ಚಕ್ರವರ್ತಿಯ ದೂತರಿಗೆ, ವ್ರತ ಹಿಡಿದ ತಪಸ್ವಿಗಳಿಗೆ ಮಾತ್ರ. ಉಳಿದವರೆಲ್ಲ ಪಕ್ಕದ ಸಾದಾ ಸೇತುವೆ ಹಿಡಿಯಬೇಕಿತ್ತು. 1879ರಲ್ಲಿ ಬಂದ ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಅವರಿಗೆ ದಾಟಲು ಅನುಮತಿ ಕೊಟ್ಟರೂ ಅವರು ಗೌರವದಿಂದ ಬೇಡವೆಂದರು ಎಂದು ಹೇಳುತ್ತಾರೆ. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1973ರಲ್ಲಿ, ಮರ ಗೆದ್ದ ವರ್ಷವೇ. ಶೋಗನ್ ದರ್ಜೆಗೆ 300 ಯೆನ್ ದುಬಾರಿಯಲ್ಲ.

ಸಮಯದ ಲೆಕ್ಕವೂ ತಪ್ಪುತ್ತದೆ. ಬೇಸಿಗೆಯಲ್ಲಿ ಸಂಜೆ ನಾಲ್ಕೂವರೆ, ಚಳಿಗಾಲದಲ್ಲಿ ಮೂರೂವರೆಯ ಹೊತ್ತಿಗೆ ಮುಚ್ಚುತ್ತದೆ. ‘ಇದು ಬಸ್ ಸ್ಟಾಪಿನ ಹತ್ತಿರವೇ ಇದೆಯಲ್ಲ, ಬರುವಾಗ ನೋಡೋಣ’ ಎಂದವರು ತೋಶೋಗುವಿನಲ್ಲಿ ತೊಕುಗಾವಾ ವಂಶದ ಮೊದಲ ಶೋಗನ್ ಇಯೆಯಾಸು ಸಮಾಧಿಯ 207 ಮೆಟ್ಟಿಲು ಹತ್ತಿಳಿದು ಬರುವಷ್ಟರಲ್ಲಿ ಗೇಟು ಹಾಕಿರುತ್ತದೆ. ಎಲೆ ಕೆಂಪಾಗುವುದನ್ನು ನೋಡಲು ಬರುವವರದು ಇನ್ನೊಂದು ಬಗೆಯ ಪಾಡು. 1,269 ಮೀಟರ್ ಎತ್ತರದ ಚೂಝೆಂಜಿ ಸರೋವರದ ಬಳಿ ಎಲೆ ಬಣ್ಣ ತಿರುಗುವುದು ಅಕ್ಟೋಬರ್ ಕೊನೆಗೆ. ಸೇತುವೆ ಅದರ ಅರ್ಧದಷ್ಟು ಎತ್ತರದಲ್ಲೂ ಇಲ್ಲ, ಇಲ್ಲಿ ನವೆಂಬರ್ ಬರಬೇಕು. ಸರೋವರದ ಫೋಟೋ ನೋಡಿ ಸೇತುವೆಗೆ ಬಂದವರಿಗೆ ಕೆಂಪು ಕಾಣುವುದು ಕಟಕಟೆಯಲ್ಲಿ ಮಾತ್ರ.

ಹಸಿವಾದರೆ ಈ ಊರಿನ ಹೆಸರಾಂತ ತಿಂಡಿ ಯುಬಾ, ಸೋಯಾ ಹಾಲಿನ ಕೆನೆ. ಕ್ಯೋಟೋದಲ್ಲಿ ಕೆನೆಯನ್ನು ಅಂಚಿನಿಂದ ಎತ್ತುತ್ತಾರೆ, ಇಲ್ಲಿ ನಡುವೆ ಕಡ್ಡಿ ಹಾಕಿ ಮಡಿಸಿ ಎತ್ತುವುದರಿಂದ ಇಮ್ಮಡಿ ದಪ್ಪ. ನಮ್ಮ ಸಸ್ಯಾಹಾರಿಗಳು ‘ಸದ್ಯ, ಬದುಕಿದೆವು’ ಎಂದು ಎರಡನೇ ಬಟ್ಟಲಿಗೆ ಕೈಹಾಕಿದಮೇಲೆ ಯಾರೋ ಹೇಳುತ್ತಾರೆ: ಸಾರು ಒಣಮೀನಿನದು. ಕೆನೆ ಶುದ್ಧ, ಅದು ಈಜುವ ಸಾರು, ಅಂದರೆ ‘ದಾಶಿ’, ಶುದ್ಧವಲ್ಲ. ಕೇಳಬೇಕಾದದ್ದು ‘ಮಾಂಸ ಇದೆಯಾ’ ಎಂದಲ್ಲ, ‘ದಾಶಿಯಲ್ಲಿ ಮೀನು ಇದೆಯಾ’ ಎಂದು. ‘ನಿಕ್ಕೋ ನೋಡದೆ ಕೆಕ್ಕೋ ಎನ್ನಬೇಡ’ ಎಂಬ ಗಾದೆ ಇಲ್ಲಿಯದು, ಕೆಕ್ಕೋ ಎಂದರೆ ಸೊಗಸು. ಗಾದೆಯ ಹುಮ್ಮಸ್ಸಿನಲ್ಲಿ ಇನ್ನಷ್ಟು ಬಡಿಸಲು ಬಂದವರಿಗೆ ‘ಕೆಕ್ಕೋ ದೆಸು’ ಎಂದರೆ ಬಟ್ಟಲು ಹಾಗೇ ವಾಪಸ್ ಹೋಗುತ್ತದೆ. ಆ ಹೊತ್ತಿನಲ್ಲಿ ಅದರ ಅರ್ಥ ‘ಸಾಕು, ಬೇಡ’.

ಇಷ್ಟಾದರೂ ಸಮಯ ಉಳಿದರೆ ನದಿಯ ಗುಂಟ ಮೇಲಕ್ಕೆ ಕಾನ್ಮಾನ್ ಕಮರಿಗೆ ನಡೆಯಿರಿ. ಆ ಹೆಸರು ಅಲ್ಲಿನ ಬಂಡೆಗೆ ಕೆತ್ತಿದ ಸಂಸ್ಕೃತ ಬೀಜಾಕ್ಷರಗಳದ್ದು. ನಮ್ಮ ‘ಹಾಂ ಮಾಂ’ ಜಪಾನೀ ಬಾಯಲ್ಲಿ ‘ಕಾನ್ಮಾನ್’ ಆಗಿದೆ. 1902ರ ಪ್ರವಾಹ ಶಿಂಕ್ಯೋವನ್ನು ಕೊಚ್ಚಿಕೊಂಡು ಹೋದಾಗ ಇಲ್ಲಿನ ಜಿಝೋ ಎಂಬ ಬೋಧಿಸತ್ವನ ಕಲ್ಲಿನ ವಿಗ್ರಹಗಳಲ್ಲೂ ಹಲವನ್ನು ಒಯ್ದಿತು. ಸೇತುವೆಯನ್ನು 1904ರಲ್ಲಿ ಮತ್ತೆ ಕಟ್ಟಿದರು. ಜಿಝೋಗಳು ಈಗ ಸುಮಾರು ಎಪ್ಪತ್ತು ಉಳಿದಿವೆ. ‘ಸುಮಾರು’ ಏಕೆಂದರೆ, ಹೋಗುವಾಗ ಎಣಿಸಿದ್ದಕ್ಕೂ ಬರುವಾಗ ಎಣಿಸಿದ್ದಕ್ಕೂ ತಾಳೆಯಾಗುವುದಿಲ್ಲ ಎಂದು ಊರವರೇ ಅವಕ್ಕೆ ‘ಬಾಕೆ ಜಿಝೋ’, ಅಂದರೆ ಮಾಯಾವಿ ಜಿಝೋ ಎಂದು ಹೆಸರಿಟ್ಟಿದ್ದಾರೆ. ಇಬ್ಬರು ಹೋದರೆ ನಾಲ್ಕು ಲೆಕ್ಕ ಸಿಗುತ್ತದೆ, ಮತ್ತೆ ಎಣಿಸೋಣ ಎಂದು ಒಬ್ಬರಾದರೂ ಹಟ ಹಿಡಿಯುತ್ತಾರೆ. ಕೊನೆಯ ಬಸ್ಸಿನ ಸಮಯವನ್ನು ಮೊದಲೇ ಬರೆದಿಟ್ಟುಕೊಂಡಿರಿ.