ಜೇಬಿನಲ್ಲಿ ನಲವತ್ನಾಲ್ಕು ಸಾವಿರ ಟನ್

ಅಕ್ಕನ ಮಗ ಮೈನ್‌ಕ್ರಾಫ್ಟ್ ಅನ್ನೋ ವಿಡಿಯೋ ಗೇಮ್ ಆಡುತ್ತಿದ್ದ. ನಾನು ಪಕ್ಕದಲ್ಲಿ ಸುಮ್ನೆ ಕೂತು ನೋಡುತ್ತಿದ್ದೆ. ಅವನ ಆಟಗಾರ ಒಂದು ಮರದ ಬುಡಕ್ಕೆ ಗುದ್ದತೊಡಗಿದ. ಕೊಡಲಿ ಗಿಡಲಿ ಏನಿಲ್ಲ, ಬರಿಗೈ. ಬುಡದ ತುಂಡು ಕಳಚಿ ಬಂತು. ಮೇಲಿನ ಕಾಂಡ, ಕೊಂಬೆ, ಎಲೆ ಎಲ್ಲವೂ ಇದ್ದ ಹಾಗೇ ಗಾಳಿಯಲ್ಲಿ ನಿಂತವು. ಈಗ ಬೀಳುತ್ತೆ, ಈಗ ಬೀಳುತ್ತೆ ಅಂತ ಕಾದೆ.

"ಅದು ಬೀಳಲ್ಲ ಮಾಮ."

"ಯಾಕೋ?"

"ಮರ ಬೀಳಲ್ಲ. ಮರಳು ಬೀಳುತ್ತೆ."

ಅಷ್ಟೇ ವಿವರಣೆ. ನಿಜವಾಗಿಯೂ ಆ ಲೋಕದಲ್ಲಿ ಗುರುತ್ವಾಕರ್ಷಣೆ ಮುಖ ನೋಡಿ ಮಣೆ ಹಾಕುತ್ತದೆ. ಮರಳು, ಜಲ್ಲಿ ಬೀಳುತ್ತವೆ. ಕಲ್ಲು, ಮರ ಬೀಳುವುದಿಲ್ಲ. ಬೀಳುವ ಮರಳಿನ ಕಂಬಕ್ಕೆ ಅಡಿಯಲ್ಲಿ ಒಂದು ಪಂಜು ನೆಟ್ಟರೆ ಸಾಕು, ಮೇಲಿಂದ ಬಂದ ಮರಳೆಲ್ಲ ಪುಡಿಪುಡಿಯಾಗಿ ಹೆಕ್ಕಿಕೊಳ್ಳುವ ಸಾಮಾನಾಗಿಬಿಡುತ್ತದೆ. ಪಂಜಿಗೆ ಏನೂ ಆಗಲ್ಲ!

ಆಮೇಲೆ ಜೇಬಿನ ವಿಷಯಕ್ಕೆ ಬಂದೆವು. ಆ ಲೋಕವೆಲ್ಲ ಚೌಕಾಕಾರದ ಇಟ್ಟಿಗೆಗಳದ್ದು, ಒಂದೊಂದು ಇಟ್ಟಿಗೆಯೂ ಒಂದು ಘನ ಮೀಟರ್. ಆಟಗಾರನ ಜೇಬಿನಲ್ಲಿ 36 ಖಾನೆಗಳಿರುತ್ತವೆ, ಒಂದೊಂದರಲ್ಲಿ 64 ಚಿನ್ನದ ಇಟ್ಟಿಗೆ ಹಿಡಿಯುತ್ತವೆ. ಒಂದು ಘನ ಮೀಟರ್ ಚಿನ್ನ ತೂಗುವುದು 19 ಟನ್‌ಗೂ ಜಾಸ್ತಿ. ಫೋನ್ ತೆಗೆದು ಗುಣಿಸಿ ನೋಡಿದೆ: ಸುಮಾರು 44 ಸಾವಿರ ಟನ್. ಇಷ್ಟನ್ನು ಹೊತ್ತುಕೊಂಡು ಆಸಾಮಿ ಓಡುತ್ತಾನೆ, ಹಾರುತ್ತಾನೆ, ಈಜುತ್ತಾನೆ. ಆದರೆ ಅದೇ ಖಾನೆಗೆ ಎರಡು ಕೇಕ್ ಹಾಕಲು ಹೋಗಿ ನೋಡಿ, ಆಗಲ್ಲ. ಒಂದು ಖಾನೆಗೆ ಒಂದೇ ಕೇಕ್!

ಅದೇ ಲೋಕದಲ್ಲಿ ಕತ್ತಲಾದರೆ ಹೆಣಗಳು ಎದ್ದು ಓಡಾಡುತ್ತವೆ, ಎಲುಬುಗೂಡುಗಳು ಬಾಣ ಬಿಡುತ್ತವೆ. ಅದರ ಬಗ್ಗೆ ನಾನು ಚಕಾರ ಎತ್ತಿರಲಿಲ್ಲ. ಕೇಕ್ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಎಲ್ಲ ಆಟದ ಅಭಿಮಾನಿಗಳ ಕಥೆಯೂ ಇದೇ ಅನಿಸುತ್ತೆ. ದೊಡ್ಡ ಸುಳ್ಳನ್ನು ಎರಡು ಮಾತಿಲ್ಲದೆ ಒಪ್ಪಿಕೊಳ್ಳುತ್ತಾರೆ. ಚಿಕ್ಕ ಸುಳ್ಳಿನ ಮೇಲೆ ರಾತ್ರಿಯಿಡೀ ಜಗಳ.

ಎಷ್ಟೋ ಸಲ ಇಂಥ ಸುಳ್ಳುಗಳ ಕಾರಣ ಬಹಳ ಸಾದಾ ಇರುತ್ತದೆ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳನ್ನು ಹೊಡೆದಷ್ಟೂ ಉಳಿದವರು ಜೋರಾಗಿ ಓಡುತ್ತಾರೆ. ಭಯಕ್ಕಲ್ಲ, ಸೇಡಿಗೂ ಅಲ್ಲ. ತೋರಿಸಬೇಕಾದ ಚಿತ್ರ ಕಡಿಮೆಯಾದಂತೆ ಯಂತ್ರದ ಕೆಲಸ ಹಗುರಾಗಿ ಆಟ ಓಡುತ್ತಿತ್ತು. 1985ರ ಸೂಪರ್ ಮಾರಿಯೊದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಡೀ ಆಟವನ್ನು 40 ಕಿಲೋಬೈಟ್‌ನಲ್ಲಿ ತುರುಕಬೇಕಿತ್ತು, ಇನ್ನೇನು ಮಾಡ್ತಾರೆ ಪಾಪ.

ಆದರೆ ಈ ಉತ್ತರ ಕೊಟ್ಟು ನೋಡಿ, ಅಭಿಮಾನಿಯ ಮುಖ ಬಾಡುತ್ತದೆ. ಅವನಿಗೆ ಬೇಕಾದದ್ದು ಆ ಲೋಕದ ಒಳಗಿನ ಕಾರಣ. ಅದೂ ಸಿಕ್ಕಿಬಿಟ್ಟರೆ ಕೆಲವು ಸಲ ಪಜೀತಿ. ಮಾರಿಯೊ ಆಟದ ಜೊತೆ ಬರುತ್ತಿದ್ದ ಪುಸ್ತಿಕೆಯ ಪ್ರಕಾರ ಅಣಬೆ ರಾಜ್ಯದ ಬಡಪಾಯಿ ಪ್ರಜೆಗಳನ್ನು ಮಾಟ ಮಾಡಿ ಕಲ್ಲು, ಇಟ್ಟಿಗೆ, ಗಿಡಗಳನ್ನಾಗಿ ಮಾಡಿದ್ದರು. ಹಾಗಾದರೆ ಅವರನ್ನು ಉಳಿಸಲು ಬಂದ ಮಾರಿಯೊ ದಾರಿಯುದ್ದಕ್ಕೂ ಗುದ್ದಿ ಒಡೆದ ಇಟ್ಟಿಗೆಗಳು ಯಾರು? ಇದನ್ನು ಓದಿದ ದಿನ ನನಗೆ ನನ್ನ ಬಾಲ್ಯದ ಬಗ್ಗೆಯೇ ಅನುಮಾನ ಬಂತು.

ಇನ್ನು 1997ರ ಫೈನಲ್ ಫ್ಯಾಂಟಸಿ 7 ಅನ್ನೋ ಆಟ. ಕಾಳಗದಲ್ಲಿ ಜೊತೆಗಾರರು ಉರುಳಿದರೆ ಫೀನಿಕ್ಸ್ ಡೌನ್ ಅನ್ನೋ ಒಂದು ಪುಕ್ಕ ಸಾಕು, ಎದ್ದು ಕೂರುತ್ತಾರೆ. ಆದರೆ ಕಥೆಯ ನಡುವೆ ಜೊತೆಗಾತಿ ಏರಿತ್‌ಳನ್ನು ಖಳನಾಯಕ ಕತ್ತಿಯಿಂದ ಇರಿದಾಗ ಚೀಲದ ತುಂಬ ಪುಕ್ಕ ಇದ್ದರೂ ಒಬ್ಬರೂ ಕೈ ಹಾಕುವುದಿಲ್ಲ. ಕಾಳಗದಲ್ಲಿ ಆಗುವುದು ಸಾವಲ್ಲ, ಬರೀ ಮೂರ್ಛೆ ಅಂತ ಒಂದು ಗುಂಪಿನ ವಾದ. ಬೆಂಕಿಯಲ್ಲಿ ಬೆಂದು, ಸಿಡಿಲಿಗೆ ಸಿಕ್ಕಿಯೂ ಮೂರ್ಛೆ! ಒಂದೇ ಕತ್ತಿಗೆ ಸಾವು! ವಾದ ನನಗೆ ಹಿಡಿಸಲಿಲ್ಲ. ಆದರೆ ಇದನ್ನು ಇಷ್ಟು ವರ್ಷ ಎಳೆದಾಡುತ್ತಿರುವವರಿಗೆ ತರ್ಕದ ಚಿಂತೆ ಇಲ್ಲ, ಆ ಹುಡುಗಿ ಉಳಿಯಬೇಕಿತ್ತು ಅಷ್ಟೇ, ಅಲ್ವಾ?

ಇಷ್ಟು ಹೊತ್ತಿಗೆ ನಮ್ಮ ಮೈನ್‌ಕ್ರಾಫ್ಟ್‌ನಲ್ಲಿ ಸಂಜೆಯಾಯಿತು. ಅಲ್ಲಿ ಒಂದು ದಿನ ಅಂದರೆ ಇಪ್ಪತ್ತೇ ನಿಮಿಷ. ಹುಡುಗ ಹಾಸಿಗೆ ತೆಗೆದು ಹಾಕಿದ, ಸರಿಯಾಗಿ ಆ ತೇಲುವ ಮರದ ಅಡಿಗೆ.

"ಅಲ್ಲಿ ಬೇಡ್ವೋ," ಅಂದೆ.

"ಬೀಳಲ್ಲ ಅಂದ್ನಲ್ಲಾ ಮಾಮ."

"ಗೊತ್ತು. ಆದ್ರೂ ಸ್ವಲ್ಪ ಈಚೆಗೆ ಹಾಕು."

ನನ್ನ ಮುಖ ನೋಡಿದ. ಏನೂ ಅನ್ನದೆ ಹಾಸಿಗೆ ಕಿತ್ತು ನಾಲ್ಕು ಇಟ್ಟಿಗೆಯಷ್ಟು ಈಚೆಗೆ ಹಾಕಿದ.