ನಾಲ್ಕು ಸಾಲಿಗೆ ಮುಗಿಯುವ ಕೆಲಸ

‘ಕೊರೊನಾ’ಕ್ಕೆ ಪ್ರಾಸ ಹುಡುಕಲು ಕನ್ನಡದಲ್ಲಿ ಯಾರೂ ಕಷ್ಟಪಡಬೇಕಾಗಲಿಲ್ಲ. ಮನೆಯಲ್ಲೇ ಇರೋಣ, ಕೈ ತೊಳೆಯೋಣ, ದೂರ ನಿಲ್ಲೋಣ ಎಂದು ನಮ್ಮ ಕ್ರಿಯಾಪದಗಳೆಲ್ಲ ಮೊದಲೇ ಮಾತಾಡಿಕೊಂಡವರಂತೆ ಸಾಲಾಗಿ ಬಂದು ನಿಂತವು. ನಕಾರ ಬೇರೆ, ಣಕಾರ ಬೇರೆ ಎಂದು ಆ ಆಪತ್ಕಾಲದಲ್ಲಿ ಯಾವ ಪಂಡಿತರೂ ತಕರಾರು ತೆಗೆಯಲಿಲ್ಲ. ‘ವೈರಾಣು’ವಿಗೆ ‘ನಾನು’ ಸಿಕ್ಕಿತು, ‘ಕ್ವಾರಂಟೈನ್’ಗೆ ‘ಆನ್‌ಲೈನ್’ ಸಿಕ್ಕಿತು. ‘ಲಾಕ್‌ಡೌನ್’ ಮಾತ್ರ ಜೋಡಿಯಿಲ್ಲದೆ ಉಳಿಯಿತು. ಅದನ್ನು ಸಾಲಿನ ನಡುವೆ ಎಲ್ಲೋ ಕೂರಿಸಿ ಮುಂದೆ ಹೋದವರೇ ಹೆಚ್ಚು.

2020ರ ಜನವರಿ 23ಕ್ಕೆ ವುಹಾನ್ ಬಾಗಿಲು ಹಾಕಿಕೊಂಡಿತು, ಮಾರ್ಚ್ 9ಕ್ಕೆ ಇಟಲಿ. ಏಪ್ರಿಲ್ ಹೊತ್ತಿಗೆ ಜಗತ್ತಿನ ಎಷ್ಟೋ ಮನೆಗಳಲ್ಲಿ ಹೊಸ ಕವಿಗಳಿದ್ದರು. ಶಾಲೆ ಬಿಟ್ಟ ಮೇಲೆ ಪದ್ಯದ ಗೊಡವೆಗೇ ಹೋಗದ ಲೆಕ್ಕಿಗರು, ಎಂಜಿನಿಯರುಗಳು, ನಿವೃತ್ತರು ಎಲ್ಲ ಬರೆದರು. ಬರೆದದ್ದು ಹೆಚ್ಚುಕಡಿಮೆ ಒಂದೇ. ಕಿಟಕಿ, ಕಿಟಕಿಯಾಚೆ ಒಂದು ಹಕ್ಕಿ, ಹಕ್ಕಿಯಾಚೆ ಖಾಲಿ ರಸ್ತೆ. ಹಕ್ಕಿ ಹೊರಗೆ, ನಾವು ಪಂಜರದೊಳಗೆ ಎಂಬ ಚಮತ್ಕಾರ ಪ್ರತಿಯೊಬ್ಬರಿಗೂ ತಮಗೊಬ್ಬರಿಗೇ ಹೊಳೆದಂತೆ ಹೊಳೆಯಿತು. ಇದಕ್ಕೆ ನಗುವುದು ಸುಲಭ. ಆದರೆ ಎಲ್ಲರಿಗೂ ಇದ್ದದ್ದು ಒಂದೊಂದೇ ಕಿಟಕಿ; ಕಾವ್ಯವಸ್ತುವಿನ ವೈವಿಧ್ಯ ಎಲ್ಲಿಂದ ಬರಬೇಕು?

ನನಗೆ ಸೋಜಿಗವೆನಿಸಿದ್ದು ಇನ್ನೊಂದು ವಿಷಯ. ‘ಪುರುಸೊತ್ತು ಸಿಕ್ಕರೆ ಒಂದು ಕಾದಂಬರಿ ಬರೆಯುತ್ತೇನೆ’ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರಿಗೆ ಪುರುಸೊತ್ತು ಮೂಟೆಗಟ್ಟಲೆ ಬಂದು ಬಿತ್ತು. ನನಗೆ ಗೊತ್ತಿರುವವರಲ್ಲಿ ಒಬ್ಬರೂ ಕಾದಂಬರಿ ಬರೆಯಲಿಲ್ಲ. ಹೊತ್ತು ಇಡಿಯಾಗಿತ್ತು, ಮನಸ್ಸು ಚೂರುಚೂರಾಗಿತ್ತು. ಅರ್ಧ ಪುಟ ಓದುವಷ್ಟರಲ್ಲಿ ಇವತ್ತಿನ ಸಂಖ್ಯೆ ಎಷ್ಟಾಯಿತೋ ಎಂದು ಕೈ ಫೋನಿನ ಕಡೆ ಹೋಗುತ್ತಿತ್ತು. ಅಂಥ ಮನಸ್ಸಿಗೆ ಎಟುಕುವ ಅಳತೆಯೆಂದರೆ ನಾಲ್ಕು ಸಾಲು.

ಆ ನಾಲ್ಕು ಸಾಲಿನ ದೊಡ್ಡ ಗುಣ, ಅದು ಮುಗಿಯುತ್ತಿತ್ತು. ಆಗ ಬೇರೆ ಯಾವುದೂ ಮುಗಿಯುತ್ತಿರಲಿಲ್ಲ. ಎರಡು ವಾರ ಎಂದದ್ದು ಇನ್ನೆರಡು ವಾರವಾಯಿತು, ಆಮೇಲೆ ತಿಂಗಳಾಯಿತು. ಮನೆಯೇ ಆಫೀಸಾದವರಿಗೆ ಕೆಲಸ ಎಲ್ಲಿ ನಿಂತಿತು, ಸಂಜೆ ಎಲ್ಲಿ ಶುರುವಾಯಿತು ಎಂಬುದೂ ತಿಳಿಯದು. ವಾರಗಳು ಹೆಸರು ಕಳೆದುಕೊಂಡು ಒಂದೇ ಉದ್ದನೆಯ ಭಾನುವಾರವಾದಾಗ, ಚುಟುಕ ಮಾತ್ರ ನಾಲ್ಕನೆಯ ಸಾಲಿಗೆ ಬಂದು ನಿಯತ್ತಾಗಿ ನಿಲ್ಲುತ್ತಿತ್ತು. ಅದರ ಕೆಳಗೆ ತಾರೀಖು, ವಾರ ಹಾಕಬಹುದಿತ್ತು. ಆ ಕಾಲದ ಎಷ್ಟೋ ಪದ್ಯಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವ ಸಾಲು ಕೆಳಗಿನ ಆ ತಾರೀಖೇ. ಇವತ್ತು ಬುಧವಾರ ಎಂಬುದಕ್ಕೆ ಅದು ಬರೆದವರ ಬಳಿಯಿದ್ದ ಲಿಖಿತ ಪುರಾವೆ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಛಂದಸ್ಸಿಗೇ ಕೈಹಾಕಿದರು. ಹೊರಗೆ ಅಷ್ಟೊಂದು ಕಟ್ಟುಪಾಡು ಇರುವಾಗ ಒಳಗೂ ಬೇಕೇ ಅನ್ನಿಸಬಹುದು. ಆದರೆ ಇದು ತಾನಾಗಿ ಹಾಕಿಕೊಂಡದ್ದು, ಬೇಡವೆಂದರೆ ಯಾವ ಅಪ್ಪಣೆಯೂ ಇಲ್ಲದೆ ಬಿಚ್ಚಬಹುದು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಹದಿನಾಲ್ಕು ಮಾತ್ರೆ, ಮೂರು ಮತ್ತು ಆರಕ್ಕೆ ಇಪ್ಪತ್ತಮೂರು, ಒಟ್ಟು 102. ಬೆರಳು ಮಡಿಚುತ್ತ ಅದನ್ನು ಎಣಿಸುತ್ತಿರುವವನಿಗೆ ಬೇರೆ ಎಣಿಕೆಗಳು ಅಷ್ಟು ಹೊತ್ತು ಕೇಳಿಸುವುದಿಲ್ಲ. ಅಂದಹಾಗೆ, ಸೆಕೆಂಡಿಗೆ ಐದು ಮಾತ್ರೆಯಂತೆ ಓದಿದರೆ ಒಂದು ಷಟ್ಪದಿಗೆ ಇಪ್ಪತ್ತು ಸೆಕೆಂಡು ಹಿಡಿಯುತ್ತದೆ. ಸೋಪು ಹಚ್ಚಿ ಕನಿಷ್ಠ ಅಷ್ಟು ಹೊತ್ತು ಕೈ ಉಜ್ಜಿ ಎಂದೇ ಆಗ ಹೇಳುತ್ತಿದ್ದರಲ್ಲವೇ?

ಆ ದಿನಗಳಲ್ಲಿ ರಷ್ಯದ ಕವಿ ಪುಷ್ಕಿನ್ನನ ಉದಾಹರಣೆ ಕೊಟ್ಟು ಹೆದರಿಸುವವರೂ ಇದ್ದರು. 1830ರ ಶರತ್ಕಾಲದಲ್ಲಿ, ಮದುವೆಗೆ ಮುಂಚೆ ಆಸ್ತಿಯ ಕೆಲಸ ಮುಗಿಸಿಕೊಂಡು ಬರೋಣವೆಂದು ಬೋಲ್ದಿನೊ ಎಂಬ ಹಳ್ಳಿಗೆ ಹೋದವನು ಕಾಲರಾ ದಿಗ್ಬಂಧನದಲ್ಲಿ ಸುಮಾರು ಮೂರು ತಿಂಗಳು ಸಿಕ್ಕಿಬಿದ್ದ. ಭಾವಗೀತೆ, ನಾಟಕ, ಕಥೆ ಎಂದು ರಾಶಿ ಬರೆದ. ಸರಿ, ಅವನು ಪುಷ್ಕಿನ್. ನಾನು ಕೀಟ್ಸನ ಕಡೆಯವನು. 1820ರ ಅಕ್ಟೋಬರಿನಲ್ಲಿ, ಕ್ಷಯದಿಂದ ನರಳುತ್ತಿದ್ದ ಅವನ ಹಡಗನ್ನು ನೇಪಲ್ಸ್ ಬಂದರಿನಲ್ಲಿ ಸೋಂಕಿನ ಭಯದಿಂದ ಹತ್ತು ದಿನ ತಡೆದು ನಿಲ್ಲಿಸಿದರು. ಅಲ್ಲಿ ಅವನು ಮಾಡಿದ್ದೇನು? ಬೇರೆ ಯಾವ ಇಡೀ ವರ್ಷದಲ್ಲೂ ಆಡದಷ್ಟು ಶ್ಲೇಷೆಗಳನ್ನು ಹತಾಶೆಯಿಂದ ಒಂದೇ ವಾರದಲ್ಲಿ ಆಡಿದೆ ಎಂದು ಪತ್ರದಲ್ಲಿ ಬರೆದುಕೊಂಡಿದ್ದಾನೆ. ಅಷ್ಟು ದೊಡ್ಡ ಕವಿಯೇ ಮಾತಿನ ಚೇಷ್ಟೆಯಲ್ಲಿ ದಿನ ದೂಡಿದ್ದಾನೆಂದರೆ ‘ಇರೋಣ, ತೊಳೆಯೋಣ’ಗಳನ್ನು ಹಂಗಿಸಲು ನಾವು ಯಾರು?

ಬರೆದರೆ ಹಗುರಾಗುತ್ತದೆ ಎಂಬುದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1986ರಲ್ಲಿ ಪ್ರಕಟವಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಅವರ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಕಹಿಯನ್ನು ಬರೆದರು. ಘಟನೆಯ ಜೊತೆ ಅದರ ಸಂಕಟವನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಚಿಕಿತ್ಸಾಲಯಕ್ಕೆ ಹೋದದ್ದು ಕಡಿಮೆ. ಅವರು ಬರೆದದ್ದು ಗದ್ಯ, ಕಾಗುಣಿತ ಸರಿಯಿರಬೇಕೆಂಬ ನಿಯಮವೂ ಇರಲಿಲ್ಲ. ಅದನ್ನು ಹದಿನಾರು ವಾಟ್ಸಾಪ್ ಗುಂಪುಗಳಿಗೆ ಕಳಿಸಿ ನೀಲಿ ಗೆರೆಗಾಗಿ ಕಾಯುವ ಕಷ್ಟವಂತೂ ಇರಲೇ ಇಲ್ಲ! ನಮ್ಮ ಕವಿಗಳು ಬರೆದು ಹಗುರಾದಷ್ಟನ್ನು ಮೆಚ್ಚುಗೆ ಕಾಯುವುದರಲ್ಲಿ ಮತ್ತೆ ತುಂಬಿಕೊಂಡರು. ಜೂಮ್ ಕವಿಗೋಷ್ಠಿಯಲ್ಲಿ ಒಬ್ಬರು ಇಡೀ ಕವಿತೆಯನ್ನು ಕಣ್ಣುಮುಚ್ಚಿ, ಕೈಯಾಡಿಸಿ, ಮ್ಯೂಟಿನಲ್ಲೇ ಓದಿದರು. ಮಧ್ಯೆ ತಡೆಯಲು ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ಎಲ್ಲರೂ ಚಪ್ಪಾಳೆಯ ಗುರುತು ಒತ್ತಿದೆವು.

ಎಲ್ಲವೂ ಹೊತ್ತು ಕಳೆಯಲು ಬರೆದದ್ದಲ್ಲ. 2020 ಮತ್ತು 2021ರಲ್ಲಿ, ನೇರವಾಗಿಯೋ ಪರೋಕ್ಷವಾಗಿಯೋ, ಸುಮಾರು 1.49 ಕೋಟಿ ಜನ ಈ ಪಿಡುಗಿಗೆ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂಥ ಅಂಕಿಗೆ ಅಳಲು ಬರುವುದಿಲ್ಲ. ಆದರೆ ಅಂತ್ಯಸಂಸ್ಕಾರಕ್ಕೆ ಹೋಗಲಾಗದ ಮಗಳೊಬ್ಬಳು ತಾಯಿಯ ಕನ್ನಡಕದ ಮೇಲೆ ಬರೆದ ಆರು ಸಾಲು ನನ್ನ ಫೋನಿನಲ್ಲಿ ಇನ್ನೂ ಇದೆ. ಪ್ರಾಸವಿಲ್ಲ, ಹಕ್ಕಿಯಿಲ್ಲ. ಹೆಗಲು ಕೊಡಲು, ಕೈ ಹಿಡಿದು ಕೂರಲು ಆಗದಿದ್ದಾಗ ಅವಳಿಗೆ ಮಾಡಲು ಉಳಿದಿದ್ದ ಕೆಲಸ ಅದೊಂದೇ. ಅದು ಒಳ್ಳೆಯ ಕವಿತೆಯೇ ಎಂದು ನಾನು ಇದುವರೆಗೆ ಯೋಚಿಸಿಲ್ಲ, ಯೋಚಿಸುವುದೂ ಇಲ್ಲ.

ಬಾಗಿಲುಗಳು ತೆರೆದದ್ದೇ ಕವಿಗಳು ಬಂದಷ್ಟೇ ಬೇಗ ಚದುರಿಹೋದರು. ದಿನಕ್ಕೊಂದು ಚುಟುಕ ಬರೆಯುತ್ತಿದ್ದ ಗೆಳೆಯನೊಬ್ಬ ಈಚೆಗೆ ಆ ಪುಸ್ತಕ ತೋರಿಸಿದ. ಪುಟಪುಟಕ್ಕೂ ನಾಲ್ಕು ಸಾಲು, ಕೆಳಗೆ ತಾರೀಖು. ಕೊನೆಯದು ಮಾತ್ರ ಎರಡನೆಯ ಸಾಲಿಗೆ ನಿಂತಿತ್ತು, ತಾರೀಖೂ ಇರಲಿಲ್ಲ.

“ಇದ್ಯಾಕೋ ಅರ್ಧಕ್ಕೇ ಬಿಟ್ಟೆ?”

“ಆಫೀಸ್ ಶುರುವಾಯ್ತಲ್ಲೋ, ಲೇಟಾಗ್ತಿತ್ತು” ಅಂದ.